ನೀರಿನಡಿಯ ಮೀನು ತೋರಿಸುವ ಯಂತ್ರ: ತೆಪ್ಪದಲ್ಲಿ ಬಳಸುವ ಬಗೆ

ಒಣ ಬೇಸಾಯದವನಿಗೆ ಮೀನಿನ ಯಂತ್ರದ ಸಹವಾಸ ಯಾಕೆ ಅಂತ ಕೇಳುವವರಿದ್ದಾರೆ. ನಮ್ಮದು ಹಿರಿಯೂರು ಸೀಮೆ. ಶೇಂಗಾ, ಸಜ್ಜೆ, ಒಂದಿಷ್ಟು ಈರುಳ್ಳಿ. ಮಳೆ ಬಂದರೆ ಬೆಳೆ, ಇಲ್ಲದಿದ್ದರೆ ಇಲ್ಲ. ಆದರೆ ಮಗ್ಗುಲಲ್ಲೇ ಮಾರಿಕಣಿವೆ ಇದೆ. ವೇದಾವತಿಗೆ ಅಡ್ಡ ಕಟ್ಟಿದ ಈ ವಾಣಿವಿಲಾಸ ಸಾಗರ 1907ರಲ್ಲಿ ಮುಗಿದದ್ದು, ತುಂಬಿದರೆ 130 ಅಡಿ. 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ, 89 ವರ್ಷಕ್ಕೆ. 2025ರ ಜನವರಿಯಲ್ಲಿ ಇನ್ನೊಂದು ಸಲ ಹರಿಯಿತು.

ನನ್ನ ಭಾಮೈದ ಲೈಸೆನ್ಸ್ ಮಾಡಿಸಿಕೊಂಡು ಅಲ್ಲಿ ಮೀನು ಹಿಡಿಯುತ್ತಾನೆ. ಬೆಳೆ ಕೈಕೊಟ್ಟ ವರ್ಷ ನಾನೂ ಅವನ ತೆಪ್ಪದಲ್ಲಿ ಪಾಲುದಾರ. ನೀರು ಏರಿದಾಗ ಹಿನ್ನೀರಿನ ಅಂಚಿನ ಹೊಲ, ಬದು, ಬೇಲಿ, ಬಳ್ಳಾರಿ ಜಾಲಿ ಎಲ್ಲ ಒಳಗೆ ಹೋದವು. ಮೀನು ಚದುರಿತು. ಮುಳುಗಿದ ಜಾಲಿಮುಳ್ಳಿಗೆ ಸಿಕ್ಕಿ ಬಲೆ ಹರಿಯತೊಡಗಿತು. ಒಂದು ಬಲೆ ಹೋಯಿತೆಂದರೆ ಹದಿನೈದು ದಿನದ ದುಡಿಮೆ ಹೋದ ಹಾಗೆ. ನಾವು ಫಿಶ್ ಫೈಂಡರ್ ಕೊಂಡದ್ದು ಮೀನಿಗಿಂತ ಹೆಚ್ಚಾಗಿ ಈ ಜಾಲಿಯ ಕಾಟಕ್ಕೆ. ಆರು ಸಾವಿರದೊಳಗಿನ ಚಿಕ್ಕ ಯಂತ್ರ, ಅಂಗೈಯಗಲದ ಪರದೆ.

ಇದರ ಮರ್ಮ ಹಾಳುಬಾವಿಯಲ್ಲಿ ಬಗ್ಗಿ ಕೂಗು ಹಾಕಿದಂತೆಯೇ. ಕೂಗು ತಳಕ್ಕೆ ಬಡಿದು ತಿರುಗಿ ಬರುತ್ತದೆ. ಬಾವಿ ಆಳವಾದಷ್ಟೂ ತಡವಾಗಿ ಬರುತ್ತದೆ. ಯಂತ್ರದ ತಂತಿಯ ತುದಿಯಲ್ಲಿ ಒಂದು ಬಿಲ್ಲೆ ಇರುತ್ತದೆ. ಅದನ್ನು ನೀರಿಗೆ ಇಳಿಬಿಟ್ಟರೆ ನಮ್ಮ ಕಿವಿಗೆ ಕೇಳಿಸದ ಸಣ್ಣ ದನಿ ಕೆಳಕ್ಕೆ ಬಿಡುತ್ತದೆ, ತಿರುಗಿ ಬಂದ ದನಿಯನ್ನು ಅದೇ ಹಿಡಿಯುತ್ತದೆ. ನೀರಿನಲ್ಲಿ ದನಿ ಸೆಕೆಂಡಿಗೆ ಸುಮಾರು 1500 ಮೀಟರ್ ಓಡುತ್ತದೆ, ಗಾಳಿಯಲ್ಲಿ ಓಡುವುದಕ್ಕಿಂತ ನಾಲ್ಕು ಪಟ್ಟಿಗೂ ಜಾಸ್ತಿ. 15 ಮೀಟರ್ ಆಳದ ತಳಕ್ಕೆ ಹೋಗಿ ಬರುವುದಕ್ಕೆ ಒಂದು ಸೆಕೆಂಡಿನ ಐವತ್ತನೇ ಒಂದು ಪಾಲು ಸಾಕು. ಆ ಹೊತ್ತನ್ನು ಅಳೆದು ಆಳ ಇಷ್ಟು ಅಂತ ಪರದೆಗೆ ಹಾಕುತ್ತದೆ. ತೆಂಗಿನಕಾಯಿ ಹಿಡಿದು ಬೋರ್‌ವೆಲ್ ಜಾಗ ತೋರಿಸುವವರ ಲೆಕ್ಕ ನನಗೆ ಇನ್ನೂ ತಿಳಿದಿಲ್ಲ. ಇದರ ಲೆಕ್ಕ ಏಳನೇ ಕ್ಲಾಸಿನವನಿಗೂ ತಿಳಿಯುತ್ತದೆ.

ಮೀನು ಕಾಣಿಸುವುದು ಅದರ ಮಾಂಸದಿಂದ ಅಷ್ಟಾಗಿ ಅಲ್ಲ. ಮೀನು ಕೊಯ್ಯುವಾಗ ಹೊಟ್ಟೆಯಲ್ಲಿ ಬೆಳ್ಳಗೆ ಬಲೂನಿನಂಥ ಗಾಳಿಚೀಲ ಸಿಗುತ್ತದಲ್ಲ, ದನಿ ಜೋರಾಗಿ ಬಡಿದು ಹಿಂದಿರುಗುವುದು ಅದಕ್ಕೆ. ನೀರೊಳಗಿನ ಗಾಳಿ ದನಿಗೆ ಗೋಡೆ ಇದ್ದಂತೆ. ಜಪಾನಿನ ನಾಗಾಸಾಕಿಯ ಫುರುನೋ ಅಣ್ಣತಮ್ಮಂದಿರು 1948ರಲ್ಲಿ ಮೀನುಗಾರರ ಬಳಕೆಗೆ ಬರುವಂಥ ಮೊದಲ ಯಂತ್ರ ಮಾಡಿದರು. ಗುಳ್ಳೆ ಏಳುವಲ್ಲಿ ಮೀನಿರುತ್ತದೆ ಅಂತ ಅಲ್ಲಿನ ಅನುಭವಸ್ಥ ಬೆಸ್ತರು ಹೇಳಿದ ಮಾತೇ ಅವರಿಗೆ ದಾರಿ ತೋರಿದ್ದಂತೆ. ಅದನ್ನು ಹೇಳಿದಾಗ ನನ್ನ ಭಾಮೈದ, "ಅದು ನಮ್ಮಪ್ಪಂಗೂ ಗೊತ್ತಿತ್ತು ಬಾವ, ಯಂತ್ರ ಮಾಡಾಕೆ ಬರ್ಲಿಲ್ಲ ಅಷ್ಟೇ" ಅಂದ.

ತೆಪ್ಪಕ್ಕೆ ಕಟ್ಟುವುದೇ ಮೊದಲ ಕೆಲಸ. ಯಂತ್ರದ ಜೊತೆ ಬರುವ ಕೊಂಡಿ ಎಲ್ಲ ಹಿಂಭಾಗ ಚಪ್ಪಟೆ ಇರುವ ದೋಣಿಗೆ ಮಾಡಿದ್ದು. ನಮ್ಮ ತೆಪ್ಪ ದುಂಡಗೆ. ಒಂದು ಬಿದಿರುಗಳದ ತುದಿಗೆ ಬಿಲ್ಲೆ ಬಿಗಿದು, ಗಳವನ್ನು ತೆಪ್ಪದ ಅಂಚಿಗೆ ಎರಡು ಕಡೆ ಕಟ್ಟುತ್ತೇವೆ. ಬಿಲ್ಲೆ ನೀರಿನೊಳಗೆ ಒಂದು ಗೇಣು ಇಳಿದಿರಬೇಕು, ಮುಖ ನೆಟ್ಟಗೆ ಕೆಳಕ್ಕೆ ನೋಡಬೇಕು. ಓರೆಯಾದರೆ ಆಳ ಜಾಸ್ತಿ ತೋರಿಸುತ್ತದೆ, ಮೀನಿನ ಗುರುತು ಅರೆಬರೆ ಆಗುತ್ತದೆ. ಹುಟ್ಟು ಹಾಕುವ ಕಡೆ ಕಟ್ಟಬಾರದು, ಅಲ್ಲಿ ಏಳುವ ಗುಳ್ಳೆಯೇ ಪರದೆ ತುಂಬ ಬರುತ್ತದೆ. ಕರೆಂಟಿಗೆ ನಾವು ಔಷಧಿ ಹೊಡೆಯುವ ಬ್ಯಾಟರಿ ಸ್ಪ್ರೇಯರಿನ 12 ವೋಲ್ಟಿನ ಬ್ಯಾಟರಿಯನ್ನೇ ಬಿಚ್ಚಿಕೊಂಡು ಹೋಗುತ್ತೇವೆ. ನಿಮ್ಮ ಯಂತ್ರಕ್ಕೆ ಎಷ್ಟು ವೋಲ್ಟ್ ಬೇಕು ಅಂತ ಮೊದಲು ನೋಡಿಕೊಳ್ಳಿ. ಕೆಂಪು ಕರಿ ತಂತಿ ಅದಲು ಬದಲಾಗಬಾರದು, ನಡುವೆ ಫ್ಯೂಸ್ ಇರಲೇಬೇಕು.

ಇನ್ನು ಪರದೆ ಓದುವುದು. ಹೊಸಬರು ತಪ್ಪುವುದೇ ಇಲ್ಲಿ. ಇದು ಟಿವಿಯ ಹಾಗೆ ಕೆಳಗಿನ ನೀರಿನ ಚಿತ್ರ ಅಲ್ಲ. ಬಲಗಡೆಯ ಅಂಚು ಮಾತ್ರ ಈ ಗಳಿಗೆಯದು. ಎಡಕ್ಕೆ ಸರಿದದ್ದೆಲ್ಲ ಕಳೆದ ಹೊತ್ತಿನದು. ತೆಪ್ಪ ನಿಂತಲ್ಲೇ ನಿಂತಿದ್ದರೂ ಚಿತ್ರ ಎಡಕ್ಕೆ ಸರಿಯುತ್ತಲೇ ಇರುತ್ತದೆ. ಎಡಗಡೆ ಮೀನು ಕಂಡಿತು ಅಂತ ಎಡಕ್ಕೆ ಬಲೆ ಹಾಕಿದರೆ ಏನೂ ಅರ್ಥವಿಲ್ಲ.

ಬಿಲ್ಲೆಯ ದನಿ ಕೆಳಕ್ಕೆ ಹೋಗುತ್ತ ಸೊಡರಿನ ಬೆಳಕಿನಂತೆ ಅಗಲವಾಗುತ್ತದೆ. 200 ಕಿಲೋಹರ್ಟ್ಸ್ ದನಿಗೆ ಸಾಮಾನ್ಯವಾಗಿ 20 ಡಿಗ್ರಿಯ ಅಗಲ. ಲೆಕ್ಕ ಸುಲಭ: ಆಳದ ಮೂರನೇ ಒಂದು ಪಾಲು. 30 ಅಡಿ ಆಳದಲ್ಲಿ ತಳದ ಮೇಲೆ ಹತ್ತು ಅಡಿಯ ದುಂಡು ಜಾಗ ಕಾಣುತ್ತದೆ, ಆರು ಅಡಿ ನೀರಿನಲ್ಲಿ ಬರೀ ಎರಡಡಿ. ಆದ್ದರಿಂದ ಆಳವಿಲ್ಲದ ಕೆರೆಯಲ್ಲಿ ಇದು ಕಾಸಿಗೂ ಪ್ರಯೋಜನವಿಲ್ಲ. ನೋಡುವುದೇ ಎರಡಡಿ, ಅಷ್ಟರಲ್ಲಿ ತೆಪ್ಪದ ನೆರಳಿಗೇ ಮೀನು ಓಡಿರುತ್ತದೆ. ಕೃಷಿಹೊಂಡದಲ್ಲಿ ಮೀನು ಬಿಟ್ಟವರು ದಯವಿಟ್ಟು ಇದಕ್ಕೆ ದುಡ್ಡು ಹಾಕಬೇಡಿ. ಒಂದು ಗಳ ಮತ್ತು ಒಂದು ಹಿಡಿ ತೌಡು ಸಾಕು. ಹದಿನೈದು ಅಡಿಗಿಂತ ಆಳ ಇರುವಲ್ಲಿ ಮಾತ್ರ ಇದರ ಕೆಲಸ ಅನ್ನೋದು ನನ್ನ ಅಭಿಪ್ರಾಯ.

ತೆಪ್ಪ ಮೆಲ್ಲಗೆ ಸಾಗುವಾಗ ಮೀನು ಬಾಗಿದ ಬಿಲ್ಲಿನ ಹಾಗೆ ಕಾಣುತ್ತದೆ. ದನಿಯ ಅಂಚಿಗೆ ಬಂದಾಗ ಮೀನು ಬಿಲ್ಲೆಯಿಂದ ಕೊಂಚ ದೂರ, ನೇರ ಕೆಳಗೆ ಬಂದಾಗ ಹತ್ತಿರ, ದಾಟುವಾಗ ಮತ್ತೆ ದೂರ. ಅದಕ್ಕೇ ನಡುವೆ ಉಬ್ಬು, ಎರಡೂ ಕಡೆ ಇಳಿಜಾರು. ಅಂಚಿನಲ್ಲಷ್ಟೇ ಹಾದು ಹೋದರೆ ಅರ್ಧ ಬಿಲ್ಲು ಅಥವಾ ಚುಕ್ಕೆ. ತೆಪ್ಪವೂ ನಿಂತು ಮೀನೂ ನಿಂತರೆ ಉದ್ದ ಗೆರೆ. ಗೆರೆ ಉದ್ದ ಇದೆ ಅಂತ ದೊಡ್ಡ ಮೀನು ಅಂದುಕೊಳ್ಳಬೇಡಿ, ಅದು ಹೆಚ್ಚು ಹೊತ್ತು ಕೆಳಗಿತ್ತು ಅಂತ ಮಾತ್ರ. ಗೆರೆಯ ದಪ್ಪ ನೋಡಿದರೆ ಗಾತ್ರದ ಅಂದಾಜು ಸ್ವಲ್ಪ ಸಿಗುತ್ತದೆ.

ಕೆಲವು ಯಂತ್ರದಲ್ಲಿ ಮೀನಿನ ಗೊಂಬೆಯನ್ನೇ ತೋರಿಸುವ ಬಟನ್ ಇರುತ್ತದೆ. ಅಂಗಡಿಯವರು ಅದನ್ನೇ ಮುಂದಿಟ್ಟು ಮಾರುತ್ತಾರೆ. ನಾವು ಅದನ್ನು ಆಫ್ ಮಾಡಿದ್ದೇವೆ. ಜಾಲಿಯ ಕೊಂಬೆ, ಕೊಳೆತ ಸೊಪ್ಪಿನಿಂದ ಏಳುವ ಗುಳ್ಳೆ, ತೇಲುವ ಕಸ ಎಲ್ಲಕ್ಕೂ ಅದು ಮೀನಿನ ಗೊಂಬೆ ಹಾಕುತ್ತದೆ. ಗೊಂಬೆ ತೆಗೆದು ಬರೀ ಗೆರೆ ನೋಡಿದರೆ ಗುರುತು ಹಿಡಿಯಬಹುದು. ತಳಕ್ಕೆ ಅಂಟಿಕೊಂಡು ಮೇಲೆದ್ದದ್ದು ಮರ ಅಥವಾ ಬಂಡೆ. ಕೆಳಗಿನಿಂದ ಓರೆಯಾಗಿ ಮೇಲಕ್ಕೆ ಏರುತ್ತ ಹೋಗುವ ತೆಳು ಗೆರೆ ಗುಳ್ಳೆ. ತಳದಿಂದ ಬಿಡಿಯಾಗಿ ನಡುನೀರಿನಲ್ಲಿ ನಿಂತ ಬಿಲ್ಲು ಮೀನು.

ತಳದ ಗೆರೆಯನ್ನೂ ಓದಬೇಕು. ಕಲ್ಲು, ಗಟ್ಟಿ ನೆಲವಾದರೆ ದನಿ ಜೋರಾಗಿ ತಿರುಗುತ್ತದೆ. ಎಷ್ಟೋ ಸಲ ಅದು ನೀರಿನ ಮೈಗೆ ಬಡಿದು ಮತ್ತೆ ಕೆಳಗೆ ಹೋಗಿ ಬಂದು ಎರಡು ಪಟ್ಟು ಆಳದಲ್ಲಿ ಇನ್ನೊಂದು ತಳ ಕಾಣುತ್ತದೆ. ಗೋಡುಮಣ್ಣಿನ ತಳದಲ್ಲಿ ಗೆರೆ ಮಂಕು. ಹೀಗೆ ನೋಡುತ್ತ ಹೋದಾಗ ಮುಳುಗಿದ ಹೊಲಗಳ ಬದು ಒಂದೊಂದಾಗಿ ಸಿಕ್ಕವು. ನೆಲ ಚಪ್ಪಟೆ ಇದ್ದು ಇದ್ದಕ್ಕಿದ್ದಂತೆ ಮೂರಡಿ ಏರಿ ಇಳಿದರೆ ಅದು ಬದು. ಒಂದು ಕಡೆ ಹಳೆಯ ಕಪಿಲೆಬಾವಿಯೇ ಸಿಕ್ಕಿತು. ಅದರ ಸುತ್ತ ಶೇಂಗಾ ಬಿತ್ತುತ್ತಿದ್ದವರು ಈಗ ಕೂಲಿಗೆ ಹೋಗುತ್ತಿದ್ದಾರೆ. ಪರದೆಯಲ್ಲಿ ಅದು ಬರೀ ಒಂದು ತಗ್ಗು.

ಯಾವ ಮೀನು ಅಂತ ಯಂತ್ರ ಹೇಳುವುದಿಲ್ಲ, ಅದನ್ನು ನಾವೇ ಊಹಿಸಬೇಕು. ಕಾಟ್ಲಾ ಮೇಲಿನ ನೀರಿನಲ್ಲಿ ಮೇಯುತ್ತದೆ, ರೋಹು ನಡುವೆ, ಮೃಗಾಲ್ ಮತ್ತು ಸಾಮಾನ್ಯ ಗೆಂಡೆ ತಳದಲ್ಲಿ. ತಳಕ್ಕೆ ಮೂತಿ ಹಚ್ಚಿದ ಗೆಂಡೆ ತಳದ ಗೆರೆಯಲ್ಲೇ ಸೇರಿಹೋಗುತ್ತದೆ. ಮೇಲಿರುವ ಕಾಟ್ಲಾ ತೆಪ್ಪ ಬರುವ ಮೊದಲೇ ಪಕ್ಕಕ್ಕೆ ಸರಿಯುತ್ತದೆ. ಚೆನ್ನಾಗಿ ಕಾಣುವುದು ನಡುನೀರಿನದು. ಪರದೆ ಖಾಲಿ ಇದೆ ಅಂದರೆ ಮೀನಿಲ್ಲ ಅಂತ ಅಲ್ಲ. ಇದಕ್ಕೇ ಭಾಮೈದ ಇವತ್ತಿಗೂ ಮೊದಲು ನೀರುಕಾಗೆ ಎಲ್ಲಿ ಮುಳುಗುತ್ತಿದೆ ನೋಡಿ, ಆಮೇಲೆ ಯಂತ್ರ ಹಚ್ಚುತ್ತಾನೆ.

ನಮ್ಮ ಪದ್ಧತಿ ಹೀಗೆ. ಸಂಜೆ ಬಲೆ ಕಟ್ಟುವ ಮುಂಚೆ, ಗಾಳಿ ಬಿದ್ದ ಹೊತ್ತಿನಲ್ಲಿ ಆ ಜಾಗವನ್ನು ನೇಗಿಲ ಸಾಲಿನ ಹಾಗೆ ಹೋಗಿ ಬರುತ್ತೇವೆ. ಜಾಲಿ ಕಂಡಲ್ಲಿ ಹಗ್ಗಕ್ಕೆ ಕಲ್ಲು ಕಟ್ಟಿ, ಮೇಲೆ ಖಾಲಿ ಪ್ಲಾಸ್ಟಿಕ್ ಬಾಟಲಿ ತೇಲಿಬಿಡುತ್ತೇವೆ. ಬಲೆ ಆ ಬಾಟಲಿಗಳಿಂದ ಆಚೆ. 30 ಅಡಿ ನೀರಿನಲ್ಲಿ ಬಿಲ್ಲುಗಳು 12 ಅಡಿಯಲ್ಲಿ ಕಂಡರೆ ಬಲೆಯನ್ನು ತಳಕ್ಕೆ ಬಿಡುವುದಿಲ್ಲ. ಬೆಂಡಿನ ಹಗ್ಗ ಉದ್ದ ಬಿಟ್ಟು ಬಲೆಯ ನಡು 12 ಅಡಿಗೆ ಬರುವಂತೆ ಇಳಿಬಿಡುತ್ತೇವೆ. ಯಂತ್ರದ ಆಳ ಬಿಲ್ಲೆಯಿಂದ ಲೆಕ್ಕ, ಮುಳುಗಿದ ಗೇಣನ್ನು ಸೇರಿಸಿಕೊಳ್ಳಬೇಕು. ಮೀನು ದಿನಾ ಸಿಗುತ್ತದೆ ಅಂತ ಹೇಳಲಾರೆ. ಬಲೆ ಹರಿಯುವುದು ಮಾತ್ರ ಬಹಳ ಕಡಿಮೆಯಾಯಿತು, ಯಂತ್ರದ ದುಡ್ಡು ಹುಟ್ಟಿದ್ದು ಅದರಲ್ಲೇ.

ಇದು ಬಂದರೆ ಎಲ್ಲ ಬಳಿದುಕೊಂಡು ಹೋಗುತ್ತಾರೆ ಅಂತ ಉಳಿದ ತೆಪ್ಪದವರಿಗೆ ಹೆದರಿಕೆ ಇದೆ. ಅದು ಸುಳ್ಳಲ್ಲ. ಮುಂಗಾರಿನಲ್ಲಿ ಗೆಂಡೆಗಳು ಮೊಟ್ಟೆ ತುಂಬಿಕೊಂಡು ಹೊಸ ನೀರಿನ ಕಡೆ ಗುಂಪುಗೂಡುತ್ತವೆ. ಆಗ ನಾವು ಯಂತ್ರ ಮನೆಯಲ್ಲೇ ಇಡುತ್ತೇವೆ, ಸಣ್ಣ ಕಣ್ಣಿನ ಬಲೆ ಯಾವ ಕಾಲಕ್ಕೂ ಇಲ್ಲ.

ಕೊಳ್ಳುವವರು ಮೊದಲು ಜೀವರಕ್ಷಕ ಜಾಕೆಟ್ ಕೊಳ್ಳಿ. ಪರದೆ ನೋಡುತ್ತ ಇಬ್ಬರೂ ಒಂದೇ ಕಡೆ ವಾಲಿದರೆ ತೆಪ್ಪ ಮಗುಚುತ್ತದೆ. ಒಬ್ಬ ಹುಟ್ಟು, ಒಬ್ಬ ಪರದೆ. ಕೆಲಸ ಮುಗಿದ ಮೇಲೆ ಬಿಲ್ಲೆಗೆ ಅಂಟಿದ ಪಾಚಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ. ಕಲ್ಲು, ಚಾಕು ಹಾಕಿ ಕೆರೆಯಬೇಡಿ. ತಂತಿಯನ್ನು ಮಡಚಿ ಮುರಿಯದೆ ದುಂಡಗೆ ಸುತ್ತಿ, ಇಲಿ ಬಾರದ ಡಬ್ಬಿಯಲ್ಲಿಡಿ. ಬ್ಯಾಟರಿಯನ್ನು ಅವತ್ತೇ ಚಾರ್ಜಿಗೆ ಹಾಕಿ, ಮರುದಿನ ಈರುಳ್ಳಿಗೆ ಔಷಧಿ ಹೊಡೆಯುವುದಿರುತ್ತದೆ.