ಹತ್ತು ಬಾಯಿ, ಒಂದೇ ಮಾತು



ಎರಡು ವರ್ಷಗಳ ಹಿಂದಿನ ಮಾತು. ನಮ್ಮ ವಾಚನಾಲಯದ ಸದಸ್ಯರೊಬ್ಬರು ಗಿರಣಿಯ ಕೆಲಸ ಬಿಟ್ಟು ಖಾನಾವಳಿ ತೆರೆಯಬೇಕೆಂದು ಮನಸ್ಸು ಮಾಡಿದರು. ಒಂದು ಭಾನುವಾರ ಸಂಜೆ ಇಲ್ಲಿ ಕುಳಿತಿದ್ದ ಹನ್ನೆರಡು ಜನರನ್ನು, "ಜೋಳದ ರೊಟ್ಟಿಯ ಊಟ ಹಾಕಿದರೆ ನಡೆದೀತೇ?" ಎಂದು ಕೇಳಿದರು. ನಮ್ಮೆಲ್ಲರಿಗೂ ಹಿರಿಯರಾದವರು, "ನಡೆಯದೆ ಏನು! ಜನ ಸಾಲುಗಟ್ಟಿ ಬರುತ್ತಾರೆ" ಎಂದರು. ಉಳಿದ ಹನ್ನೊಂದು ಜನರೂ ಹೌದೆಂದೆವು. ಆ ಸದಸ್ಯರು ಮನೆಯವರ ಬಳೆಗಳನ್ನು ಒತ್ತೆಯಿಟ್ಟು ಜಾಗ ಹಿಡಿದರು. ಐದನೆಯ ತಿಂಗಳಿಗೆ ಖಾನಾವಳಿಯ ಬಾಗಿಲು ಮುಚ್ಚಿತು.

ಆಮೇಲೆ ಒಬ್ಬೊಬ್ಬರನ್ನೇ ಬೇರೆಯಾಗಿ ವಿಚಾರಿಸಿ ನೋಡಿದೆವು. ಹನ್ನೆರಡು ಜನರಲ್ಲಿ ನಾಲ್ವರು ಖೋಲಿಯಲ್ಲೇ ಅಡಿಗೆ ಮಾಡಿಕೊಳ್ಳುವವರು. ಅವರಲ್ಲಿ ನಾವೂ ಒಬ್ಬರು. ಮೂವರಿಗೆ ರಾತ್ರಿ ಪಾಳಿ. ಇನ್ನು ಮೂವರಿಗೆ ಊರಿಗೆ ಹಣ ಕಳಿಸಿದ ಮೇಲೆ ಹೊರಗೆ ಉಣ್ಣುವಷ್ಟು ಉಳಿಯುವುದಿಲ್ಲ. ದಿನವೂ ಉಣ್ಣಬಲ್ಲವರು ಇಬ್ಬರೇ! ಸುಳ್ಳು ಹೇಳಬೇಕೆಂದು ಯಾರೂ ಹೇಳಿದ್ದಲ್ಲ. ಮುಂದಿನವರು ಹೌದೆಂದರು, ಹಿಂದಿನವರೂ ಹೌದೆಂದೆವು. ಕುರಿಮಂದೆಯ ನಡೆ ಎಂದರೆ ಇದೇ.

ಇದು ಕಲಿಯದವರ ದೋಷವೆಂದು ತಿಳಿಯಬಾರದು. ಅಮೆರಿಕದ ಸಾಲೊಮನ್ ಆಶ್ ಎಂಬ ಮನಶ್ಶಾಸ್ತ್ರಜ್ಞರು 1951ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ನೋಡಿರಿ. ಕಾಲೇಜು ವಿದ್ಯಾರ್ಥಿಗಳಿಗೆ ಒಂದು ಗೆರೆಯನ್ನು ತೋರಿಸಿ, ಮೂರು ಗೆರೆಗಳಲ್ಲಿ ಅದಕ್ಕೆ ಸಮನಾದುದು ಯಾವುದೆಂದು ಕೇಳಿದರು. ಗುಂಪಿನಲ್ಲಿ ಒಬ್ಬನ ಹೊರತು ಉಳಿದವರೆಲ್ಲ ಮೊದಲೇ ಹೇಳಿಕೊಟ್ಟಂತೆ ಉತ್ತರ ಕೊಡುವವರು. 18 ಸಲದಲ್ಲಿ 12 ಸಲ ಬೇಕೆಂದೇ ತಪ್ಪು ಹೇಳಿದರು. ಆ ಸಲಗಳಲ್ಲಿ ಏನೂ ತಿಳಿಯದ ಆ ಒಬ್ಬನ ಉತ್ತರಗಳಲ್ಲಿಯೂ ಸುಮಾರು ಮೂರರಲ್ಲೊಂದು ಪಾಲು ತಪ್ಪಾದವು. ಒಂಟಿಯಾಗಿ ಉತ್ತರಿಸಿದವರಲ್ಲಿ ತಪ್ಪು ನೂರಕ್ಕೆ ಒಂದೂ ಇರಲಿಲ್ಲ. ಗುಂಪಿನಲ್ಲಿ ಇನ್ನೊಬ್ಬನು ನಿಜ ಹೇಳಿದರೆ ಸಾಕು, ತಪ್ಪು ಬಹಳ ಕಡಿಮೆಯಾಯಿತು.

ಹಾಗಾದರೆ ಹತ್ತು ಜನರನ್ನು ಕೇಳುವುದೇ ವ್ಯರ್ಥವೇ? ಅಲ್ಲ. 1906ರಲ್ಲಿ ಇಂಗ್ಲೆಂಡಿನ ಪ್ಲಿಮತ್ ಊರಿನ ಜಾನುವಾರು ಪ್ರದರ್ಶನದಲ್ಲಿ, ಒಂದು ಎತ್ತಿನ ಮಾಂಸದ ತೂಕವನ್ನು ಊಹಿಸಿ ಚೀಟಿಯಲ್ಲಿ ಬರೆಯುವ ಪಂದ್ಯವಿತ್ತು. ಫ್ರಾನ್ಸಿಸ್ ಗಾಲ್ಟನ್ ಎಂಬ ವಿದ್ವಾಂಸರು 787 ಚೀಟಿಗಳನ್ನು ಲೆಕ್ಕಕ್ಕೆ ಹಿಡಿದು 1907ರಲ್ಲಿ ಫಲವನ್ನು ಪ್ರಕಟಿಸಿದರು. ಚೀಟಿಗಳ ನಡುಮಧ್ಯದ ಊಹೆ 1,207 ಪೌಂಡು. ನಿಜವಾದ ತೂಕ 1,198 ಪೌಂಡು. ಒಬ್ಬರ ಚೀಟಿಯನ್ನು ಇನ್ನೊಬ್ಬರು ನೋಡಿ ಬರೆಯಲಿಲ್ಲ. ಜನರ ತಿಳಿವಳಿಕೆ ಕೂಡುವುದು ಪ್ರತಿಯೊಬ್ಬರೂ ಸ್ವತಃ ಯೋಚಿಸಿದಾಗ ಮಾತ್ರ.

ಇವುಗಳಿಂದ ನಾವು ಕಲಿತ ಪಾಠ ನಾಲ್ಕು:

1. ಮೊದಲು ಚೀಟಿ, ಆಮೇಲೆ ಚರ್ಚೆ. ಹಿರಿಯರು ಕೊನೆಯಲ್ಲಿ ಮಾತಾಡಲಿ.

2. "ನಡೆದೀತೇ?" ಎಂದು ಕೇಳಬೇಡಿರಿ. "ಕಳೆದ ವಾರ ಎಷ್ಟು ದಿನ ಹೊರಗೆ ಉಂಡಿರಿ? ಎಷ್ಟು ಹಣ ಕೊಟ್ಟಿರಿ?" ಎಂದು ಕೇಳಿರಿ. ಮಾತು ಮುಲಾಜಿನದು, ಖರ್ಚಿನ ಲೆಕ್ಕ ನಿಜದ್ದು.

3. ಸುದ್ದಿಯ ಮೂಲವನ್ನು ಹುಡುಕಿರಿ. ಒಂದು ಚೀಟಿ ಫಂಡು ಒಳ್ಳೆಯದೆಂದು ಹತ್ತು ಜನ ಹೇಳಿದರೆ, "ನಿಮಗೆ ಹೇಳಿದವರು ಯಾರು?" ಎಂದು ವಿಚಾರಿಸಿರಿ. ಹತ್ತೂ ಜನರಿಗೆ ಹೇಳಿದವನು ಒಬ್ಬನೇ ಏಜೆಂಟನಾದರೆ ಸಾಕ್ಷಿ ಒಂದೇ, ಹತ್ತಲ್ಲ.

4. ಬೇಡವೆನ್ನುವವರನ್ನು ಹುಡುಕಿಕೊಂಡು ಹೋಗಿರಿ. ಅಂಗಡಿ ನಡೆಸುವವರನ್ನು ಕೇಳಿದಂತೆ ಮುಚ್ಚಿದವರನ್ನೂ ಕೇಳಿರಿ.

ಎಲ್ಲರಿಗೂ ವಿರೋಧವಾಗಿ ನಡೆಯುವುದೇ ಜಾಣತನವೆಂದು ಇದರ ಅರ್ಥವಲ್ಲ. ಜನ ಹೇಳಿದ್ದು ಸರಿಯಿದ್ದೀತು, ತಪ್ಪಿದ್ದೀತು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದ ಹಿರಿಯರ ಮಾತನ್ನು, ಕೇಳಿದ ಸುದ್ದಿಗೆ ಇನ್ನಷ್ಟು ಬಿಗಿಯಾಗಿ ಅನ್ವಯಿಸಬೇಕು.

ಆ ಸದಸ್ಯರು ಈಗ ಮತ್ತೆ ಗಿರಣಿ ಸೇರಿದ್ದಾರೆ. ಬಳೆಗಳನ್ನು ಬಿಡಿಸಿಕೊಳ್ಳುವುದು ಇನ್ನೂ ಆಗಿಲ್ಲ. ಅಂದು ಸುಮ್ಮನೆ ತಲೆಯಾಡಿಸಿದ ನಮಗೂ ಆ ಸಾಲದಲ್ಲಿ ಪಾಲಿದೆಯೆಂದು ನಾವು ತಿಳಿದಿದ್ದೇವೆ.

ಅಭ್ಯಾಸ: ಬರುವ ವರ್ಷ ವಾಚನಾಲಯಕ್ಕೆ ಯಾವ ಎರಡು ಪತ್ರಿಕೆಗಳನ್ನು ತರಿಸಬೇಕು? ಈ ಸಲ ಕೈ ಎತ್ತಿಸುವುದಿಲ್ಲ. ಬಾಗಿಲ ಬಳಿ ಡಬ್ಬಿ ಇಟ್ಟಿದ್ದೇವೆ. ಕಳೆದ ತಿಂಗಳು ತಾವು ಇಲ್ಲಿ ನಿಜವಾಗಿ ಓದಿದ ಪತ್ರಿಕೆಗಳ ಹೆಸರನ್ನು, ಯಾರನ್ನೂ ಕೇಳದೆ, ಬರೆದು ಹಾಕಿರಿ.