ಪದದ ಬೇರು: ಹಾರ್ಸ್‌ಪವರ್

ಶಿಗ್ಗಾಂವ ಸುತ್ತಿನ ಯಾವ ಊರಿನಾಗ ಬೋರ್‌ವೆಲ್ ಮಾತು ಬಂದರೂ ಒಂದು ಪ್ರಶ್ನೆ ಬಂದೇ ಬರುತ್ತದೆ: ‘ಎಷ್ಟು ಎಚ್‌ಪಿ ಮೋಟರ್ ಐತ್ರಿ?’ ರಾಜ್ಯದಲ್ಲಿ 10 ಎಚ್‌ಪಿವರೆಗಿನ ಕೃಷಿ ಪಂಪ್‌ಸೆಟ್‌ಗಳಿಗೆ ವಿದ್ಯುತ್ ಉಚಿತ. ಹಾಗಾಗಿ ರೈತರಿಗೆ ಈ ಪದ ಬರೀ ಪುಸ್ತಕದ್ದಲ್ಲ. ಇಂಜಿನಿಯರಿಂಗ್ ಓದುವ ನಾವು ಅದನ್ನು ಬಿಡಿಸಿ ಹೇಳಬಲ್ಲೆವಾ?

ಹಾರ್ಸ್ ಅಂದರೆ ಕುದುರೆ, ಪವರ್ ಅಂದರೆ ಸಾಮರ್ಥ್ಯ. ಇಂಗ್ಲೆಂಡಿನ ಗಣಿಗಳಲ್ಲಿ ನೀರೆತ್ತಲು ಕುದುರೆಗಳನ್ನು ಹೂಡುತ್ತಿದ್ದರು. 1702ರಲ್ಲಿ ಥಾಮಸ್ ಸೇವರಿ ತನ್ನ ಯಂತ್ರವನ್ನು ಕುದುರೆಗಳ ದುಡಿಮೆಗೆ ಹೋಲಿಸಿ ಬರೆದ. 1780ರ ದಶಕದಲ್ಲಿ ಜೇಮ್ಸ್ ವಾಟ್ ಆ ಹೋಲಿಕೆಗೆ ಅಳತೆ ಕೊಟ್ಟ. ಉಗಿಯಂತ್ರ ಕೊಳ್ಳುವವನಿಗೆ ‘ಇದು ಎಷ್ಟು ಕುದುರೆಗೆ ಸಮ?’ ಅಂತ ಗೊತ್ತಾಗಬೇಕಿತ್ತಲ್ಲ!

ಸಾಮಾನ್ಯವಾಗಿ ಹೇಳುವ ಲೆಕ್ಕ ಹೀಗಿದೆ: 12 ಅಡಿ ತ್ರಿಜ್ಯದ ಗಾಣವನ್ನು ಕುದುರೆ 180 ಪೌಂಡ್ ಬಲದಿಂದ ಗಂಟೆಗೆ 144 ಸುತ್ತು ತಿರುಗಿಸುತ್ತದೆ. ಗುಣಿಸಿ ನೋಡಿ, ನಿಮಿಷಕ್ಕೆ ಸುಮಾರು 32,572 ಅಡಿ-ಪೌಂಡ್. ಅದನ್ನೇ 33,000 ಎಂದು ದುಂಡಾಗಿಸಿದರು. ಇಂದಿನ ಅಳತೆಯಲ್ಲಿ ಸುಮಾರು 746 ವಾಟ್. 5 ಎಚ್‌ಪಿ ಮೋಟರಿನ ತಗಡಿನ ಮೇಲೆ 3.7 ಕಿಲೋವಾಟ್ ಎಂದಿರುವುದು ಇದಕ್ಕೇ.

ಇನ್ನು ಕನ್ನಡಕ್ಕೆ ಬರೋಣ. ಅಶ್ವದ ಶಕ್ತಿ, ಅಶ್ವಶಕ್ತಿ: ತತ್ಪುರುಷ ಸಮಾಸ. ‘ಕುದುರೆಶಕ್ತಿ’ ಎಂದರೆ ಕನ್ನಡ, ಸಂಸ್ಕೃತ ಪದಗಳು ಬೆರೆತು ಅರಿಸಮಾಸವಾಗುತ್ತದೆ. ತತ್ಪುರುಷದಲ್ಲಿ ಎರಡನೇ ಪದಕ್ಕೇ ಪ್ರಾಧಾನ್ಯ. ತೊಡಕು ಇರುವುದೂ ಅಲ್ಲೇ. ನಮ್ಮ ಶಾಲಾ ಪುಸ್ತಕಗಳಲ್ಲಿ ಶಕ್ತಿ ಎಂದರೆ ಎನರ್ಜಿ, ಪವರ್‌ಗೆ ಸಾಮರ್ಥ್ಯ. ಅಶ್ವಶಕ್ತಿ ಎಂಬ ಹೆಸರು ಮಾತ್ರ ‘ಶಕ್ತಿ’ಯಲ್ಲಿ ಮುಗಿಯುತ್ತದೆ, ಅಳೆಯುವುದು ಸಾಮರ್ಥ್ಯವನ್ನು.

ಈ ವ್ಯತ್ಯಾಸ ತಪ್ಪಿದರೆ ಲೆಕ್ಕವೂ ತಪ್ಪುತ್ತದೆ. 5 ಎಚ್‌ಪಿ ಎಂಬುದು ಮೋಟರ್ ಎಷ್ಟು ಬೇಗ ಕೆಲಸ ಮಾಡುತ್ತದೆ ಎನ್ನುವುದನ್ನಷ್ಟೇ ಹೇಳುತ್ತದೆ. ಎಷ್ಟು ಯೂನಿಟ್ ಖರ್ಚಾಯಿತು ಅಂತ ತಿಳಿಯಲು ಓಡಿದ ತಾಸುಗಳೂ ಬೇಕು. ಪೂರ್ಣ ಹೊರೆಯಲ್ಲಿ ನಾಲ್ಕು ತಾಸು ಓಡಿದರೆ ಮೋಟರ್ ಕೊಡುವ ಕೆಲಸವೇ ಸುಮಾರು 15 ಯೂನಿಟ್. ಒಳಗಿನ ನಷ್ಟ ಸೇರಿ ಅದು ಎಳೆಯುವ ವಿದ್ಯುತ್ ಇನ್ನೂ ಜಾಸ್ತಿ.

ಊರಿಗೆ ಹೋದಾಗ ಯಾರಾದರೂ ಕೇಳಿದರೆ ಇಷ್ಟನ್ನು ಕನ್ನಡದಲ್ಲೇ ಹೇಳೋಣ. ಮುಂದಿನ ಸಲಕ್ಕೆ ನಮ್ಮ ಲ್ಯಾಬಿನದೇ ಒಂದು ಜೋಡುಪದ: ಬ್ರೆಡ್‌ಬೋರ್ಡ್. ಸರ್ಕೀಟಿಗೂ ರೊಟ್ಟಿಗೂ ಏನು ಸಂಬಂಧ? ಅಲ್ಲಿವರೆಗೆ ನೀವೂ ಹುಡುಕಿರಿ.