ಯೂರಿಯಾ ತಯಾರಿಸಿದ ವಿಜ್ಞಾನಿ ವೋಲರ್

 

ದನದ ಗಂಜಲದಲ್ಲಿ ಯೂರಿಯಾ ಇದೆ. ಸೊಸೈಟಿಯಲ್ಲಿ ಸಿಗುವ ಗೊಬ್ಬರದ ಚೀಲದಲ್ಲೂ ಯೂರಿಯಾ ಇದೆ. ಇವೆರಡೂ ಒಂದೇನಾ, ಬೇರೆ ಬೇರೆನಾ? "ಗಂಜಲದ್ದೇ ನಿಜವಾದದ್ದು, ಚೀಲದ್ದು ಬರೀ ಕೆಮಿಕಲ್ಲು" ಅಂತ ಊರಲ್ಲಿ ಕೆಲವರು ಹೇಳುತ್ತಾರೆ. ಈ ಪ್ರಶ್ನೆಗೆ 1828ರಲ್ಲೇ ಉತ್ತರ ಸಿಕ್ಕಿತ್ತು. ಉತ್ತರ ಕೊಟ್ಟವರು ಜರ್ಮನಿಯ ಫ್ರೆಡರಿಕ್ ವೋಲರ್. ಅವರ ಬಗ್ಗೆ ನಾನು ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

ಓದು ಮತ್ತು ಕೆಲಸ: ವೋಲರ್ ಹುಟ್ಟಿದ್ದು 1800ನೇ ಇಸವಿ ಜುಲೈ 31ರಂದು, ಫ್ರಾಂಕ್‌ಫರ್ಟ್ ಹತ್ತಿರದ ಊರಿನಲ್ಲಿ. ಅವರು ಓದಿದ್ದು ಡಾಕ್ಟರ್ ಓದು. 1823ರಲ್ಲಿ ಪದವಿ ಪಡೆದರೂ ರೋಗಿಗಳನ್ನು ನೋಡಲು ಹೋಗಲಿಲ್ಲ. ಸ್ವೀಡನ್ನಿಗೆ ಹೋಗಿ ಬರ್ಜೀಲಿಯಸ್ ಎಂಬ ದೊಡ್ಡ ವಿಜ್ಞಾನಿಯ ಬಳಿ ರಸಾಯನಶಾಸ್ತ್ರ ಕಲಿತರು. 1825ರಿಂದ ಬರ್ಲಿನ್ನಿನ ಒಂದು ಕೈಗಾರಿಕಾ ಶಾಲೆಯಲ್ಲಿ ಮೇಷ್ಟ್ರಾದರು. ಅವರ ಹೆಸರು ಲೋಕಕ್ಕೆ ಗೊತ್ತಾದದ್ದು ಈ ಶಾಲೆಯಲ್ಲಿದ್ದಾಗಲೇ.

ನಿರವಯವ, ಸಾವಯವ: ಕಲ್ಲು, ಉಪ್ಪು, ಲೋಹ ಇವು ನಿರವಯವ ವಸ್ತುಗಳು. ಸಕ್ಕರೆ, ಎಣ್ಣೆ, ಯೂರಿಯಾದಂಥವು ಸಾವಯವ. ಸಾವಯವ ವಸ್ತು ಆಗಬೇಕಾದರೆ ಪ್ರಾಣಿ ಅಥವಾ ಗಿಡದ ಒಳಗಿನ 'ಜೀವಶಕ್ತಿ' ಬೇಕೇ ಬೇಕು, ಮನುಷ್ಯನ ಕೈಯಲ್ಲಿ ಆಗದು ಎಂದು ಆಗಿನ ಬಹಳಷ್ಟು ವಿಜ್ಞಾನಿಗಳು ನಂಬಿದ್ದರು.

ವೋಲರ್ ಅಮೋನಿಯಂ ಸಯನೇಟ್ ಎಂಬ ಲವಣ ಮಾಡಲು ಹೊರಟಿದ್ದರು. ದ್ರಾವಣವನ್ನು ಆವಿ ಮಾಡಿದಾಗ ಬಿಳಿ ಹರಳು ಉಳಿಯಿತು. ಆದರೆ ಅದು ಸಯನೇಟಿನ ಯಾವ ಗುಣವನ್ನೂ ತೋರಿಸಲಿಲ್ಲ. ಮೂತ್ರದಿಂದ ತೆಗೆದ ಯೂರಿಯಾ ಜೊತೆ ಇಟ್ಟು ಪರೀಕ್ಷೆ ಮಾಡಿದರು. ಎರಡೂ ಒಂದೇ! ಮೂತ್ರಪಿಂಡದ ಸಹಾಯವಿಲ್ಲದೆ ಯೂರಿಯಾ ಮಾಡಿದೆ ಎಂದು ಗುರು ಬರ್ಜೀಲಿಯಸ್ಸರಿಗೆ ಕಾಗದ ಬರೆದರು. ಎಲ್ಲರೂ ಕೂಡಲೇ ಒಪ್ಪಲಿಲ್ಲ. 1845ರಲ್ಲಿ ವೋಲರ್ ಶಿಷ್ಯ ಕೋಲ್ಬೆ ಅಸಿಟಿಕ್ ಆಮ್ಲ ತಯಾರಿಸಿದರು. ಹೀಗೆ ಒಂದೊಂದಾಗಿ ಆ ನಂಬಿಕೆ ಬಿದ್ದುಹೋಯಿತು.

ಇನ್ನೊಂದು ಸೋಜಿಗ ಕೇಳಿ. ಅಮೋನಿಯಂ ಸಯನೇಟಿನಲ್ಲೂ ಯೂರಿಯಾದಲ್ಲೂ ಇರುವುದು ಇಂಗಾಲ 1, ಆಮ್ಲಜನಕ 1, ಸಾರಜನಕ 2, ಜಲಜನಕ 4 ಪರಮಾಣು. ಲೆಕ್ಕ ಒಂದೇ, ಜೋಡಣೆ ಬೇರೆ. 'ರಸ' ಮತ್ತು 'ಸರ' ಬರೆದು ನೋಡಿ, ಅಕ್ಷರ ಅವೇ, ಅರ್ಥ ಬೇರೆ. ಹಾಗೇ ಇದು.

ಜಗಳದಿಂದ ಗೆಳೆತನ: ವೋಲರ್ ಪರೀಕ್ಷಿಸಿದ ಬೆಳ್ಳಿಯ ಒಂದು ಲವಣ ಸಾಧುವಾಗಿತ್ತು. ಲೀಬಿಗ್ ಎಂಬುವರು ಪರೀಕ್ಷಿಸಿದ್ದು ಢಂ ಎಂದು ಸಿಡಿಯುತ್ತಿತ್ತು. ಲೆಕ್ಕ ಮಾತ್ರ ಒಂದೇ ಬಂತು. ನಿನ್ನದು ತಪ್ಪು ಎಂದರು ಲೀಬಿಗ್. ಆಮೇಲೆ ನೋಡಿದರೆ ಇಬ್ಬರದೂ ಸರಿ! ಅವರು ಜೀವನವಿಡೀ ಗೆಳೆಯರಾದರು. 1832ರಲ್ಲಿ ವೋಲರ್ ಹೆಂಡತಿ ತೀರಿಕೊಂಡಾಗ ಲೀಬಿಗ್ ಅವರನ್ನು ತಮ್ಮ ಬಳಿಗೆ ಕರೆಸಿಕೊಂಡರು. ಆ ದುಃಖದಲ್ಲೇ ಇಬ್ಬರೂ ಕೂಡಿ ಕಹಿ ಬಾದಾಮಿ ಎಣ್ಣೆಯ ಮೇಲೆ ಸಂಶೋಧನೆ ಮಾಡಿದರು.

ಬೇರೆ ಕೆಲಸಗಳು: 1827ರಲ್ಲಿ ವೋಲರ್ ಅಲ್ಯುಮಿನಿಯಂ ಲೋಹವನ್ನು ಬೂದು ಪುಡಿಯಾಗಿ ಬೇರ್ಪಡಿಸಿದರು. 1862ರಲ್ಲಿ ಕ್ಯಾಲ್ಸಿಯಂ ಕಾರ್ಬೈಡಿಗೆ ನೀರು ಹಾಕಿದರೆ ಅಸಿಟಿಲೀನ್ ಅನಿಲ ಬರುತ್ತದೆ ಎಂದು ತೋರಿಸಿದರು. ವೆಲ್ಡಿಂಗ್ ಅಂಗಡಿಯಲ್ಲಿ ಉರಿಯುವುದು ಇದೇ ಅನಿಲ. (ಕಾರ್ಬೈಡ್ ಹಾಕಿ ಹಣ್ಣು ಮಾಗಿಸುವುದು ನಮ್ಮ ದೇಶದಲ್ಲಿ ಕಾನೂನಿಗೆ ವಿರುದ್ಧ.) 1836ರಿಂದ 1882ರಲ್ಲಿ ತೀರಿಕೊಳ್ಳುವವರೆಗೂ ಗೋಟಿಂಗನ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದರು.

ನಮಗೇನು ಉಪಯೋಗ? ಈಗ ಕಾರ್ಖಾನೆಯಲ್ಲಿ ಅಮೋನಿಯಾ ಮತ್ತು ಇಂಗಾಲದ ಡೈ ಆಕ್ಸೈಡ್ ಸೇರಿಸಿ ಯೂರಿಯಾ ಮಾಡುತ್ತಾರೆ. ಅದರಲ್ಲಿ 46 ಭಾಗ ಸಾರಜನಕ. ಗಂಜಲದ ಯೂರಿಯಾ, ಚೀಲದ ಯೂರಿಯಾ ಒಂದೇ. ಹಾಗಂತ ಚೀಲ ಒಂದೇ ಸಾಕು ಅನ್ನುವುದೂ ತಪ್ಪು. ತಿಪ್ಪೆ ಗೊಬ್ಬರ ಮಣ್ಣನ್ನು ಮೆತ್ತಗೆ ಮಾಡುತ್ತದೆ, ಬೇರೆ ಪೋಷಕಾಂಶಗಳನ್ನೂ ಕೊಡುತ್ತದೆ. ಬರೀ ಯೂರಿಯಾ ಆ ಕೆಲಸ ಮಾಡಲಾರದು. ಇನ್ನೊಂದು ಮುಖ್ಯ ಮಾತು. ಯೂರಿಯಾ ಕರಗಿದ ನೀರನ್ನು ದನ ಕುಡಿದರೆ ಹೊಟ್ಟೆಯಲ್ಲಿ ಅಮೋನಿಯಾ ಹೆಚ್ಚಾಗಿ ಸಾಯಬಹುದು. ಚೀಲ, ಬಕೆಟ್ಟು ಕೊಟ್ಟಿಗೆಯಿಂದ ದೂರ ಇಡಲು ಮನೆಯಲ್ಲಿ ಹೇಳಿ.

ಉತ್ತರಿಸಿ:
1. ಜೀವಶಕ್ತಿ ಎಂದರೇನು?
2. ಯೂರಿಯಾದಲ್ಲಿರುವ ನಾಲ್ಕು ಧಾತುಗಳು ಯಾವುವು?
3. 'ರಸ', 'ಸರ'ದಂಥ ಇನ್ನೂ ಎರಡು ಜೋಡಿ ಪದ ಬರೆಯಿರಿ.

– 7ನೇ ತರಗತಿ